ನಮ್ಮ ದೇಶದ ಸಾಲು

ಶಿಕ್ಷಣ ಇಲಾಖೆಯ ಅಂಗಳದಲ್ಲಿ ಸಂಜೆ ಕಾಲೇಜಿನ ವಿದ್ಯಾರ್ಥಿಗಳು ಪ್ರತಿಭಟನೆಗೆಂದು ಐದು ಸಾಲುಗಳಲ್ಲಿ ನಿಂತಿದ್ದರು. ಒಂದೊಂದು ಸಾಲು ಒಂದೊಂದು ದೇಶ. ಕಾಲೇಜು ಓದುವವರಿಗಾಗಿ ಯಾವ ಸರ್ಕಾರ ಹೆಚ್ಚು ಖರ್ಚು ಮಾಡುತ್ತದೋ ಅದರ ಸಾಲು ಅಷ್ಟು ಉದ್ದ. ಮೊದಲನೆಯದು ಗೇಟು ಮುಟ್ಟಿತ್ತು. ಕೊನೆಯದು ನಮ್ಮ ದೇಶದ್ದು. ಅದರಲ್ಲಿ ಇದ್ದವರು ಮೂರೇ ಜನ: ಒಬ್ಬ ಬಸ್ ಡ್ರೈವರ್, ಒಬ್ಬಳು ನರ್ಸ್, ಒಬ್ಬ ದರ್ಜಿ. ಹಗಲೆಲ್ಲ ದುಡಿದು ಸಂಜೆ ಓದುವವರು. ಅವರ ಕಾಲೇಜಿನ ಅನುದಾನ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆ ಮಹಡಿಯ ಮೇಲೆ ಇನ್ನೇನು ಶುರುವಾಗುವುದರಲ್ಲಿತ್ತು.

ಮಗಳ ಪರೀಕ್ಷಾ ಶುಲ್ಕ ಕಟ್ಟಲು ಬಂದ ಹೆಂಗಸೊಬ್ಬಳು ಸಾಲುಗಳನ್ನೆಲ್ಲ ಕಣ್ಣಲ್ಲೇ ಅಳೆದು, ಇದೇ ಚಿಕ್ಕದೆಂದು ಸೀದಾ ದರ್ಜಿಯ ಹಿಂದೆ ಬಂದು ನಿಂತಳು.

ಆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಮೇಡಂ ಓಡಿ ಬಂದರು. "ಅಮ್ಮ, ನೀವಿಲ್ಲಿ ನಿಂತರೆ ನಮ್ಮ ಲೆಕ್ಕ ತಪ್ಪುತ್ತೆ," ಎಂದು ವಿಷಯವನ್ನೆಲ್ಲ ಬಿಡಿಸಿ ಹೇಳಿದರು.

"ಸರ್ಕಾರದ್ದು ಇಷ್ಟೇನಾ? ಮಿಕ್ಕ ದುಡ್ಡು ಯಾರು ಕೊಡ್ತಾರೆ?"

"ಮನೆಯವರು."

"ಅಂದ್ರೆ ನಾನು."

"ಅದು ಸರ್ಕಾರದ ಖರ್ಚಲ್ಲ ಅಮ್ಮ. ಖಾಸಗಿ ಖರ್ಚು."

"ಇರಲಿ. ಖಾಸಗಿಯವರು ಎಲ್ಲಿ ನಿಲ್ಲಬೇಕು, ಅದನ್ನ ಹೇಳಿ. ಎರಡು ಮನೆ ಅಡುಗೆ ಮುಗಿಸಿ ಬಂದಿದ್ದೀನಿ, ಸುಮ್ಮನೆ ಅಲೆದಾಡಿಸಬೇಡಿ."

ಮೇಡಂ ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ದರ್ಜಿಯ ಹಿಮ್ಮಡಿಗೂ ಆಕೆಯ ಚಪ್ಪಲಿಗೂ ನಡುವೆ ಒಂದು ಗೆರೆ ಎಳೆದರು. "ಗೆರೆಯ ಈಚೆ ಸರ್ಕಾರ. ಆಚೆ ಮನೆಯವರು."

ಹೆಂಗಸು ಶುಲ್ಕದ ಕೌಂಟರಿನ ಕಡೆ ತಿರುಗಿ, "ಮಕ್ಕಳ ಫೀಸು ಕಟ್ಟೋರೆಲ್ಲ ಈ ಕಡೆ ಬನ್ರಪ್ಪ," ಎಂದು ಕೂಗಿದಳು. ಏನೋ ತಮಾಷೆಯಿದೆ ಎಂದು ನಾಲ್ಕು ಜನ ಬಂದರು, ವಿಷಯ ಕೇಳಿ ಉಳಿದವರೂ ಬಂದರು. ಕೌಂಟರಿನ ಗುಮಾಸ್ತ ಕಿಟಕಿ ಮುಚ್ಚಿ, "ನನಗೂ ಇಬ್ಬರಿದ್ದಾರೆ," ಎನ್ನುತ್ತ ಬಂದು ನಿಂತ. ದಾರಿಹೋಕರೂ ಸೇರಿಕೊಂಡರು. ಸಾಲು ಗೇಟು ದಾಟಿ, ರಸ್ತೆಗಿಳಿದು, ಔಷಧಿ ಅಂಗಡಿಯ ಮೂಲೆಯಲ್ಲಿ ತಿರುಗಿತು.

ಗದ್ದಲ ಕೇಳಿ ಸಭೆಯ ಅಧ್ಯಕ್ಷತೆ ವಹಿಸಬೇಕಿದ್ದ ನಿರ್ದೇಶಕರು ಕೆಳಗಿಳಿದು ಬಂದರು. ಸಾಲುಗಳ ಲೆಕ್ಕವನ್ನು ಅವರು ವಿದ್ಯಾರ್ಥಿಗಳ ಮನವಿಯಲ್ಲಿ ಓದಿದ್ದರು.

"ಇಷ್ಟುದ್ದ ಇದೆಯಲ್ಲ, ಇದು ಯಾವ ದೇಶ?"

"ನಮ್ಮದೇ ಸಾರ್," ಎಂದಳು ನರ್ಸ್.

"ಭೇಷ್. ಎಲ್ಲರನ್ನೂ ಹಿಂದೆ ಹಾಕಿದ್ದೀವಿ." ಅವರ ನಗು ಗೆರೆಯ ಹತ್ತಿರ ಬಂದು ನಿಂತಿತು. "ಇದೇನಿದು?"

"ಗೆರೆಗಿಂತ ಮುಂದಿರೋ ನಾವು ಮೂರು ಜನ ಸರ್ಕಾರ. ಹಿಂದಿರೋರೆಲ್ಲ ಅಪ್ಪ ಅಮ್ಮಂದಿರು."

ನಿರ್ದೇಶಕರು ಸಾಲಿನ ಪಕ್ಕದಲ್ಲೇ ನಿಧಾನವಾಗಿ ನಡೆದರು. ಕಾವಲುಗಾರನನ್ನು ಕರೆಯುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ಔಷಧಿ ಅಂಗಡಿಯವರೆಗೂ ಹೋಗಿ, ಎಲ್ಲರಿಗಿಂತ ಹಿಂದೆ ನಿಂತು, "ಮಗ ಎಂಜಿನಿಯರಿಂಗ್, ಮೂರನೇ ವರ್ಷ," ಎಂದರು. ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹರಿದು ಅಂಗಳ ತಲುಪಿತು.

ಅಷ್ಟರಲ್ಲಿ ಜವಾನ ಏದುಸಿರು ಬಿಡುತ್ತ ಬಂದ. "ಸಾರ್, ಮೇಲೆ ಸಭೆಗೆ ಎಲ್ಲರೂ ಕಾಯ್ತಿದ್ದಾರೆ."

"ಅವರಿಗೂ ಮಕ್ಕಳಿದ್ದಾರಲ್ಲ," ಎಂದರು ನಿರ್ದೇಶಕರು, ತಮ್ಮ ಹಿಂದೆ ಒಂದಿಷ್ಟು ಜಾಗ ಬಿಟ್ಟು ಮುಂದೆ ಸರಿಯುತ್ತ. "ಇಲ್ಲಿಗೇ ಬರೋಕೆ ಹೇಳು."