ಎಡದ್ದೇ ಬಲಕ್ಕೆ

ಸುಗ್ಗಿಯ ಕಾಲ. ಬೆಳಗಿನಿಂದ ಟ್ರ್ಯಾಕ್ಟರುಗಳ ನೆಗ್ಗಿದ ತಗಡು ಬಡಿದಿದ್ದ ಟಿಂಕರ್ ದಸ್ತಗೀರ್, ಮಧ್ಯಾಹ್ನ ಬುತ್ತಿಯನ್ನೂ ಬಿಚ್ಚದೆ ಗ್ಯಾರೇಜಿನ ಕಂಪ್ಯೂಟರ್ ಮುಂದೆ ಕೂತ. ಅವನು ಆಡುತ್ತಿದ್ದುದು ಪರದೆಯ ಮೇಲೆ ಕಾರು ಕಟ್ಟುವ ಆಟ. ನೂರು ವರ್ಷದ ಹಿಂದಿನಂತೆಯೇ ಇರುವ ರೇಸ್ ಕಾರಿಗೆ ಮಾತ್ರ ಸಂಜೆಯ ಪಂದ್ಯಕ್ಕೆ ಪ್ರವೇಶ. ತಿಂಗಳಿಡೀ ಕಟ್ಟಿದ ಕಾರು ಸಿದ್ಧವಿತ್ತು.

ಮಾಲೀಕ ರುದ್ರಪ್ಪ ಇಣುಕಿ ನಕ್ಕ. "ಏನಯ್ಯಾ ದಸ್ತಗೀರ, ಬಾನೆಟ್ಟು ಎಡಗಡೆ ಒಂದು ಥರ, ಬಲಗಡೆ ಒಂದು ಥರ! ಕುಡಿದು ಕಟ್ಟಿದ್ಯಾ?"

"ಆಗೆಲ್ಲ ಕೈಲೇ ಬಡೀತಿದ್ರು ಅಣ್ಣಾ. ಸುತ್ತಿಗೆ ಏಟು ಎರಡೂ ಕಡೆ ಒಂದೇ ಥರ ಬೀಳಲ್ಲ."

"ನಿನ್ನ ಕೈಗೆ ಬೀಳಲ್ಲ ಅನ್ನು. ಆ ಬಟನ್ ಒತ್ತು, ಎಡದ್ದೇ ಬಲಕ್ಕೂ ಬರ್ತದೆ. ಗ್ಯಾರೇಜಿನ ಮಾನ ಕಳೀಬೇಡ."

ದಸ್ತಗೀರ್ ಮುಖ ಸಣ್ಣದು ಮಾಡಿಕೊಂಡು ಬಟನ್ ಒತ್ತಿ, ಕಾರನ್ನು ಪಂದ್ಯಕ್ಕೆ ಕಳಿಸಿದ.

ತೀರ್ಪುಗಾರರ ಉತ್ತರ ಬಂತು: "ತಿರಸ್ಕರಿಸಲಾಗಿದೆ. ಕೈಯಲ್ಲಿ ಬಡಿದ ತಗಡು ಇಷ್ಟು ಸಮ ಬರುವುದಿಲ್ಲ. ಮುಂದಿನ ಸಲ ಯಾರಾದರೂ ಟಿಂಕರನ್ನು ಕೇಳಿ ಕಟ್ಟಿ."