ಸೌಂದರ್ಯವರ್ಧಕ

ವಿಮಾ ಕಚೇರಿಯ ಒವಿಡಿಯೊ ಅರ್ಜಿಯ ಮೇಲೆ ಕೆಂಪು ಮೊಹರು ಒತ್ತಿ ಎರ್ಮಿಂಡಾಳ ಮುಂದೆ ತಳ್ಳಿದ. 'ತಿರಸ್ಕೃತ. ಇ-ವಿಟಮಿನ್ ಮಾತ್ರೆ ಸೌಂದರ್ಯವರ್ಧಕ' ಎಂದಿತ್ತು. ಮುಖದ ಕಾಂತಿಗೆ, ಕೂದಲಿನ ಹೊಳಪಿಗೆ ಹೆಂಗಸರು ಕೊಳ್ಳುವ ಸಾಮಾನನ್ನೆಲ್ಲ ವಿಮೆಯಲ್ಲಿ ಕೊಡಲಾಗದು ಎಂದು ನಯವಾಗಿಯೇ ಹೇಳಿದ.

"ಮುಖಕ್ಕಲ್ಲ ಡಾಕ್ಟ್ರೇ, ಕಾಲಿಗೆ" ಎಂದಳು ಎರ್ಮಿಂಡಾ. ವೇಲೆಸ್ ಊರಿನಲ್ಲಿ, ಅಷ್ಟೇಕೆ ಇಡೀ ಕೊಲಂಬಿಯಾದಲ್ಲಿ, ಟೈ ಕಟ್ಟಿ ಮೇಜಿನ ಹಿಂದೆ ಕೂತವರೆಲ್ಲ ಡಾಕ್ಟರೇ. ವಕೀಲನೂ ಡಾಕ್ಟರ್, ಗುಮಾಸ್ತನೂ ಡಾಕ್ಟರ್. ಹಾಗೆ ಕರೆಯದಿದ್ದರೆ ಕಾಗದ ಮುಂದೆ ಸರಿಯುವುದಿಲ್ಲ. ಕರೆದರೆ ಸರಿಯುತ್ತದೆ ಎಂಬ ಭರವಸೆಯೂ ಇಲ್ಲ.

ಸೀಬೆಹಣ್ಣಿನ ಮಿಠಾಯಿ ಕಾಯಿಸಿ ಬದುಕುವ ಆಕೆ, ದೊಡ್ಡಾಸ್ಪತ್ರೆಯ ನಿಜವಾದ ಡಾಕ್ಟರಮ್ಮ ಹೇಳಿಕೊಟ್ಟಿದ್ದನ್ನು ಮತ್ತೊಮ್ಮೆ ಒಪ್ಪಿಸಿದಳು. ಎಣ್ಣೆ ಜಿಡ್ಡಿನ ಜೊತೆ ಹೊಟ್ಟೆ ಸೇರುವ ಈ ವಿಟಮಿನ್ನನ್ನು ಯಕೃತ್ತಿನಿಂದ ಮೈಗೆಲ್ಲ ಸಾಗಿಸಲು ಒಂದು ಪ್ರೋಟೀನು ಬೇಕು. ಅದನ್ನು ತಯಾರಿಸುವ ಜೀನ್ ತನ್ನ ಇಬ್ಬರು ಮಕ್ಕಳಲ್ಲೂ ಕೆಟ್ಟಿದೆ. ಸಂತೆಯಲ್ಲಿ ಮೂಟೆಯಿದೆ, ಹೊರುವ ಹಮಾಲಿ ಇಲ್ಲ. ಅದಕ್ಕೇ ದಿನಾ ರಾಶಿಗಟ್ಟಲೆ ಸುರಿಯಬೇಕು, ಒಂದಿಷ್ಟಾದರೂ ನರಗಳಿಗೆ ತಲುಪಲಿ ಎಂದು. ಇಲ್ಲದಿದ್ದರೆ ಮೊದಲು ನಡಿಗೆ ಹೋಗುತ್ತದೆ, ಆಮೇಲೆ ಮಾತು.

ಹಿರಿಯ ಮಗ ಆರ್ನುಲ್ಫೊನ ನಡಿಗೆ ಹೋಗಿಯೇ ಬಿಟ್ಟಿತ್ತು. ಅವನದು ಮದ್ದೇ ಇಲ್ಲದ ಬೇರೊಂದು ಕಾಯಿಲೆಯೆಂದು ಆರು ವರ್ಷ ನಂಬಿಸಿದ್ದರು. ಸರಿಯಾದ ಪರೀಕ್ಷೆ ಆಗುವ ಹೊತ್ತಿಗೆ ಗಾಲಿಕುರ್ಚಿ ಹತ್ತಿದ್ದ. ಈಗಲೂ ಅಮ್ಮನ ಪಕ್ಕ ಅದರಲ್ಲೇ ಕೂತಿದ್ದ. ಹಿಂದೆ ಹಿಡಿಕೆ ಹಿಡಿದು ನಿಂತ ತಂಗಿ ನೂರಿ ಹದಿನಾಲ್ಕರ ಹುಡುಗಿ. ಅವಳದು ಬೇಗ ಗೊತ್ತಾದ್ದರಿಂದ ಎರಡು ವರ್ಷ ಮಾತ್ರೆ ನುಂಗಿ ನೆಟ್ಟಗೆ ನಡೆಯುತ್ತಿದ್ದಳು. ಆಸ್ಪತ್ರೆಯವರು ಕೊಟ್ಟಿದ್ದ ಮಾತ್ರೆ ಈ ವಾರಕ್ಕೆ ಮುಗಿಯುತ್ತಿತ್ತು.

ಒವಿಡಿಯೊ ಅವಳಿಗೆ ಬಾಗಿಲವರೆಗೆ ಹೋಗಿ ಬಾ ಎಂದ. ಹೋಗಿ ಬಂದಳು.

"ಹುಡುಗಿ ಚೆನ್ನಾಗೇ ನಡೀತಾಳಲ್ಲಮ್ಮ. ಮೂರು ತಿಂಗಳು ಮಾತ್ರೆ ನಿಲ್ಸಿ ನೋಡಿ. ಕಾಲು ತಡವರಿಸಿದ್ರೆ ಮತ್ತೆ ಬನ್ನಿ, ಆಗ ನಮಗೂ ಪುರಾವೆ ಸಿಗುತ್ತೆ."

"ನೀವು ಓದಿರೋದೇನು?"

"ವಾಣಿಜ್ಯ."

"ಹಾಗಾದ್ರೆ ಇನ್ನು ನಿಮ್ಮನ್ನ ಡಾಕ್ಟ್ರೇ ಅನ್ನಲ್ಲ, ಒವಿಡಿಯೊ. ಮಾತ್ರೆ ನುಂಗ್ತಿರೋದಕ್ಕೇ ಅವಳು ನಡೀತಿರೋದು. ನಿಮ್ಮ ಕಾಗದಕ್ಕೆ ಪುರಾವೆ ಬೇಕು ಅಂತ ನನ್ನ ಮಗಳನ್ನ ಬೀಳಿಸಿ ತೋರಿಸ್ಬೇಕಾ? ಹೆತ್ತವಳ ಹತ್ರ ಹೇಳೋ ಮಾತಾ ಇದು?"

ಕೂಗಾಡಿದರೆ ನಿಯಮ ಬದಲಾಗುವುದಿಲ್ಲ ಎಂದು ಒವಿಡಿಯೊ ಮೊಹರನ್ನು ಡಬ್ಬಿಯೊಳಗಿಟ್ಟ. ಆಗ ಆರ್ನುಲ್ಫೊ ಬಾಯಿ ತೆರೆದ. ನಾಲಿಗೆ ಹೊರಳದೆ ಒಂದೊಂದು ಮಾತನ್ನೂ ಎಳೆದೆಳೆದು ಹೇಳಬೇಕಾಯಿತು.

"ನಮ್ಮ ಹತ್ರ... ಕುರ್ಚಿ... ಒಂದೇ ಇರೋದು."

ಛೆ, ಗಮನಿಸಲೇ ಇಲ್ಲ ಎನ್ನುತ್ತ ಒವಿಡಿಯೊ ಎದ್ದ. ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು, ಕೈಯಿಂದ ಧೂಳು ಒರೆಸಿ, ನೂರಿಯ ಮುಂದೆ ಹಾಕಿದ.

"ಕೂತ್ಕೊಳಮ್ಮ."

ನೂರಿ ಕೂರಲಿಲ್ಲ.