ಕಪ್ಪು ಜಡೆಯ ನಾನು

ಮಾಗಿಯ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ ಇದು ಶುರುವಾಯಿತು. ಹಿಂದಿನ ವಯಸ್ಸಿನ ತನ್ನನ್ನೇ ಮನೆಗೆಲಸಕ್ಕೆ ಕರೆಸಿಕೊಳ್ಳುವುದು ಬೀದಿಗೆಲ್ಲ ವಾಡಿಕೆ; ನಾನೂ ಹನ್ನೆರಡು ವರ್ಷ ಹಿಂದಿನ ನನ್ನನ್ನು ಕರೆಸಿದೆ.

ಆಟಿಸಂ ಇರುವ ಹದಿನಾರರ ಮಗಳು ಮಂದಾರಳಿಗೆ ಏನೂ ಬದಲಾಗಬಾರದು. ನರೆತ ನನ್ನನ್ನು ಬಿಟ್ಟು ಆ ಕಪ್ಪು ಜಡೆಯವಳ ಕೈತುತ್ತೇ ಬೇಕೆಂದಳು. ನನ್ನ ಮೇಲೇ ನನಗೆ ಹೊಟ್ಟೆಕಿಚ್ಚು.

ಒಂದು ಮಂಗಳವಾರ ಕುಕ್ಕರ್ ಕೂಗಿದ್ದಕ್ಕೆ ಮಂದಾರ ಕಿವಿ ಮುಚ್ಚಿ ಚೀರಿದಳು. ಕಪ್ಪು ಜಡೆಯವಳು ನಾಲ್ಕರ ಮಗುವೆಂಬಂತೆ ಅವಳನ್ನು ಬಿಗಿದಪ್ಪಿ ಏಟು ತಿಂದಳು.

"ಮುಟ್ಟಬೇಡ ಕಣೇ. ಲೈಟ್ ಆರಿಸಿ ಸುಮ್ನೆ ಪಕ್ಕದಲ್ಲಿ ಕೂತ್ಕೋ," ಎಂದೆ.

ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಮಗಳು ನನ್ನ ಸೆರಗಿನ ತುದಿ ಹಿಡಿದಳು.

"ಇದನ್ನೆಲ್ಲ ನಿಂಗೆ ಯಾರಕ್ಕ ಕಲಿಸಿದ್ದು?" ಕಪ್ಪು ಜಡೆಯವಳು ಕೇಳಿದಳು.

"ನಿನ್ನ ಮಗಳೇ ಕಲಿಸ್ತಾಳೆ, ಹೋಗು. ಅಲ್ಲಿ ನಿನ್ನ ಕಾಲದಲ್ಲಿ, ನಾಲ್ಕರ ಮಂದಾರ ಒಬ್ಬಳೇ ಕಾಯ್ತಿದಾಳೆ."

ಹೊಟ್ಟೆಕಿಚ್ಚಿನಲ್ಲೇ ಅಂದದ್ದು, ಆದರೂ ನಿಜ. ಕಪ್ಪು ಜಡೆಯ ನಾನು ಹೊರಟುಹೋದದ್ದು ಆ ಮಂಗಳವಾರವೇ.